ಹಳೆ ಸ್ಪೋರ್ಟ್ಸ್ ಕಾರಿನ ಒಳಭಾಗ: ಮಂಗಳೂರು–ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಬಿಚ್ಚಿ ಕೂರಿಸುವವರು, ಟಿಂಕರಿಂಗ್ ಮಾಡುವವರು ನಮ್ಮ ಕಡೆ ಬೇಕಾದಷ್ಟು ಇದ್ದಾರೆ. ಹಳೆ ಸ್ಪೋರ್ಟ್ಸ್ ಕಾರು ಕೈಗೆ ಬಂದವರು ತಬ್ಬಿಬ್ಬಾಗುವುದು ಬಾಗಿಲು ತೆರೆದು ಒಳಗೆ ನೋಡಿದಾಗ. ಸೀಟು, ಬಾಗಿಲಿನ ಪ್ಯಾನೆಲ್, ಕಾರ್ಪೆಟ್, ಡ್ಯಾಶ್‌ಬೋರ್ಡ್, ಹುಡ್ (ಮಡಚುವ ಬಟ್ಟೆಯ ಮೇಲ್ಛಾವಣಿ) ಇವುಗಳಲ್ಲಿ ಮೂಲದ್ದು ಯಾವುದು, ನಡುವೆ ಯಾರೋ ಹಾಕಿಸಿದ್ದು ಯಾವುದು ಎಂದು ತಿಳಿಯುವುದೇ ದೊಡ್ಡ ಕೆಲಸ. ಇಲ್ಲಿರುವ ಉತ್ತರಗಳಲ್ಲಿ ಹೆಚ್ಚಿನ ಉದಾಹರಣೆಗಳು 1955ರಿಂದ 1962ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ತಯಾರಾದ, ಎಂಜಿ ಕಂಪನಿಯ ಎಂಜಿಎ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನವು. ನಿಮ್ಮದು ಬೇರೆ ಕಾರಾದರೂ ಹುಡುಕುವ ದಾರಿ ಇದೇ.

ಸೀಟು ಹರಿದು ಚಿಂದಿಯಾಗಿದೆ. ಕಿತ್ತು ಬಿಸಾಡಿ ಹೊಸತು ಹೊಲಿಸಿದರೆ ಆಗುವುದಿಲ್ಲವಾ?

ದಯವಿಟ್ಟು ಬಿಸಾಡಬೇಡಿ. ಆ ಚಿಂದಿಯಷ್ಟು ನಂಬಿಗಸ್ತ ಸಾಕ್ಷಿ ನಿಮಗೆ ಬೇರೆ ಯಾವ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಸೀಟಿನ ಮೇಲೆ ಎಷ್ಟು ಪಟ್ಟಿ, ಒಂದೊಂದು ಎಷ್ಟು ಅಗಲ, ಇಂಚಿಗೆ ಎಷ್ಟು ಹೊಲಿಗೆ, ಪೈಪಿಂಗ್ (ಅಂಚಿನ ಉಬ್ಬು ಪಟ್ಟಿ) ಎಷ್ಟು ದಪ್ಪ, ಚರ್ಮ ಎಲ್ಲಿ ಮುಗಿದು ರೆಕ್ಸಿನ್ ಎಲ್ಲಿ ಶುರುವಾಗಿದೆ, ಇಷ್ಟೂ ಅದರಲ್ಲೇ ಉಂಟು. ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ ತುಂಡುಗಳನ್ನು ಚಪ್ಪಟೆ ಹರಡಿದರೆ ಅದೇ ನಿಮ್ಮ ಕತ್ತರಿಸುವ ಮಾದರಿ. ಕುಶನ್ ಕೆಲಸದವರು ಎಷ್ಟೇ ಪಳಗಿದವರಾದರೂ ಕಣ್ಣಂದಾಜಿನಲ್ಲಿ ಕತ್ತರಿಸಿದ ಸೀಟು ಉಬ್ಬಿಕೊಂಡು ಸೋಫಾ ಆಗಿಬಿಡುತ್ತದೆ.

ಬಿಚ್ಚುವ ಮೊದಲು ಪ್ರತಿಯೊಂದರ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಹಲವು ಕಾರುಗಳಲ್ಲಿ ಹಳೆ ಹೊದಿಕೆಯ ಮೇಲೆಯೇ ಇನ್ನೊಂದನ್ನು ಎಳೆದಿರುತ್ತಾರೆ. 1980ರ ದಶಕದ ರೆಕ್ಸಿನ್ ಎತ್ತಿದರೆ ಕೆಳಗೆ ಮೊದಲಿನ ಚರ್ಮ ಇದ್ದರೂ ಇರಬಹುದು. ಹೊದಿಕೆ ಪೂರ್ತಿ ಹೋಗಿದ್ದರೂ ಚೌಕಟ್ಟಿಗೆ ಹೊಡೆದ ಸಣ್ಣ ಮೊಳೆಗಳ ತಲೆಯಡಿಯಲ್ಲಿ ಉಗುರಿನಷ್ಟಗಲದ ತುಣುಕು ಸಿಕ್ಕಿಕೊಂಡಿರುತ್ತದೆ. ಚಿಮುಟದಿಂದ ಅದನ್ನು ಎಳೆದು ತೆಗೆದು ಮಗುಚಿ ನೋಡಿ. ಅರವತ್ತು ವರ್ಷ ಬಿಸಿಲು ಕಾಣದ ಬಣ್ಣ ಅಲ್ಲಿ ಹಾಗೆಯೇ ಇರುತ್ತದೆ.

ತೆಗೆದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ, ಇಲಿ ಮತ್ತು ಒರಲೆ ತಲುಪದ ಕಡೆ ಇಡಿ. ಯಾವ ತುಂಡು ಎಲ್ಲಿಯದೆಂದು ಕಾಗದದ ಚೀಟಿಯಲ್ಲಿ ಬರೆದರೆ ಅದು ತೇವಕ್ಕೆ ಕರಗಿ ಹೋಗುತ್ತದೆ. ಬಟ್ಟೆಯ ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಬರೆದು ತುಂಡಿಗೇ ಹೊಲಿದುಬಿಡಿ.

ಕಾರು ಕಾರ್ಖಾನೆಯಿಂದ ಬರುವಾಗ ಎಂತ ಬಣ್ಣದ ಸೀಟು ಇತ್ತು ಅಂತ ತಿಳಿಯುವುದು ಹೇಗೆ?

ಮೊದಲು ಎಂಜಿನ್ ಕೋಣೆಯಲ್ಲಿರುವ ಚಾಸಿ ನಂಬರಿನ ಫಲಕ ನೋಡಿ. ಮೊದಮೊದಲಿನ ಎಂಜಿಎ 1500ರಲ್ಲಿ ಆ ನಂಬರೇ ಅರ್ಧ ಕತೆ ಹೇಳುತ್ತದೆ. ಮೊದಲ ಅಕ್ಷರ ಎಚ್ ಎಂದರೆ ಎಂಜಿ, ಎರಡನೆಯದು ಬಾಡಿಯ ಬಗೆ, ಮೂರನೆಯದು ಹೊರಗಿನ ಬಣ್ಣ. ಎ ಇದ್ದರೆ ಕಪ್ಪು, ಕೆ ಇದ್ದರೆ ಆರಿಯೆಂಟ್ ರೆಡ್. ನಂತರದ ಮೊದಲ ಅಂಕೆ 1 ಆದರೆ ಬ್ರಿಟನ್ನಿನೊಳಗೆ ಮಾರಿದ ಬಲಬದಿ ಸ್ಟಿಯರಿಂಗಿನ ಕಾರು, 2 ಆದರೆ ಹೊರದೇಶಕ್ಕೆ ಕಳಿಸಿದ ಬಲಬದಿ ಸ್ಟಿಯರಿಂಗಿನದು. ಹೊರಬಣ್ಣ ತಿಳಿದರೆ ಒಳಗಿನ ಆಯ್ಕೆ ಎರಡಕ್ಕೋ ಮೂರಕ್ಕೋ ಇಳಿಯುತ್ತದೆ, ಏಕೆಂದರೆ ಕಾರ್ಖಾನೆ ಯಾವ ಬಣ್ಣಕ್ಕೆ ಯಾವ ಸೀಟು ಎಂದು ಮೊದಲೇ ಗೊತ್ತುಮಾಡಿತ್ತು. ಕಪ್ಪು ಎಂಜಿಎಗೆ ಕೆಂಪು ಅಥವಾ ಹಸಿರು, ಆರಿಯೆಂಟ್ ರೆಡ್‌ಗೆ ಕೆಂಪು ಅಥವಾ ಕಪ್ಪು. ಕಪ್ಪು ಕಾರಿಗೆ ಕಂದು ಸೀಟು ಹಾಕಿಸಿ ‘ಒರಿಜಿನಲ್’ ಎಂದು ಮಾರುವವರು ಇದ್ದಾರೆ, ಜಾಗ್ರತೆ. 1959ರಿಂದ ಬಂದ ತೆರೆದ ಎಂಜಿಎ 1600ರ ನಂಬರು ಜಿಎಚ್‌ಎನ್ ಎಂದು ಶುರುವಾಗುತ್ತದೆ, ಅದರಲ್ಲಿ ಬಣ್ಣದ ಅಕ್ಷರ ಇಲ್ಲ.

ಆಮೇಲೆ ಕಾರಿನೊಳಗೇ ಹುಡುಕಿ. ಸೀಟಿನ ಹಳಿಯಡಿ, ಬಾಗಿಲಿನ ಪ್ಯಾನೆಲಿನ ಮಡಚಿದ ಅಂಚು, ಮೀಟರುಗಳ ಕ್ರೋಮ್ ಸುತ್ತಿನ ಅಡಿ, ಸ್ಟಿಯರಿಂಗ್ ಕಂಬ ಹಾದುಹೋಗುವ ತೂತಿನ ಪಕ್ಕ, ಇಲ್ಲೆಲ್ಲ ಹೊಸ ಬಣ್ಣ ಹೊಡೆಯುವವರ ಕೈ ಹೋಗುವುದಿಲ್ಲ. ಬಾಗಿಲಿನ ಪ್ಯಾನೆಲ್ ಬಿಚ್ಚಿ ಹಿಂಬದಿ ನೋಡುವುದನ್ನು ಮರೆಯಬೇಡಿ. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಕೆಲಸಗಾರರು ಅಲ್ಲಿ ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಬಾಡಿ ನಂಬರು ಬರೆದಿಟ್ಟಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಆ ಬರಹ ಹೋಯಿತೆಂದೇ ಲೆಕ್ಕ.

ಇಂಗ್ಲೆಂಡಿನಿಂದ ಪ್ರಮಾಣಪತ್ರ ತರಿಸಬಹುದಂತೆ, ಹೌದಾ?

ಹೌದು. ಗೇಡನ್ ಎಂಬಲ್ಲಿ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಇದೆ, ಅಬಿಂಗ್‌ಡನ್ ಕಾರ್ಖಾನೆಯ ಉತ್ಪಾದನಾ ದಾಖಲೆಗಳು ಅವರ ಬಳಿ ಇವೆ. ಚಾಸಿ ನಂಬರಿನ ಫೋಟೊ ಕಳಿಸಿ ಶುಲ್ಕ ಕಟ್ಟಿದರೆ ಕಾರು ತಯಾರಾದ ದಿನ, ಹೊರಬಣ್ಣ, ಒಳಬಣ್ಣ, ಎಂಜಿನ್ ನಂಬರು, ಯಾವ ದೇಶಕ್ಕೆ ಹೋಯಿತು ಇತ್ಯಾದಿ ಬರೆದ ಹೆರಿಟೇಜ್ ಸರ್ಟಿಫಿಕೇಟ್ ಕಳಿಸುತ್ತಾರೆ. ಜಾಗ್ವಾರ್ ಇದ್ದವರು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟನ್ನು ಕೇಳಬೇಕು. ಒಂದು ಮೀಟರ್ ಬಟ್ಟೆ ಕೊಳ್ಳುವ ಮೊದಲು ಮಾಡಬೇಕಾದ ಖರ್ಚು ಇದು. ಆದರೆ ಪತ್ರ ಬಣ್ಣದ ಹೆಸರು ಹೇಳುತ್ತದೆಯೇ ಹೊರತು ಆ ಕೆಂಪು ಎಂಥ ಕೆಂಪು ಎಂದು ತೋರಿಸುವುದಿಲ್ಲ. ಅದಕ್ಕೆ ಮೊಳೆಯಡಿಯ ತುಣುಕೇ ಬೇಕು.

ಅಜ್ಜನ ಕಾಲದ ಫೋಟೊ, ಕಾಗದಪತ್ರ ಉಂಟು. ಉಪಯೋಗ ಉಂಟಾ?

ತುಂಬಾ ಉಂಟು. ಮದುವೆ ದಿಬ್ಬಣದ ಫೋಟೊದಲ್ಲಿ ಕಾರಿನ ಬಾಗಿಲು ತೆರೆದಿದ್ದರೆ ಅದು ನಿಮ್ಮ ಭಾಗ್ಯ. ಕಪ್ಪು-ಬಿಳುಪು ಚಿತ್ರದಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗಿ ಕಾಣಬಹುದು, ಹಾಗಾಗಿ ಬಣ್ಣ ಅದರಿಂದ ತೀರ್ಮಾನಿಸಬೇಡಿ. ಪೈಪಿಂಗ್ ಸೀಟಿಗಿಂತ ಬೇರೆ ಬಣ್ಣದ್ದೇ, ಪಟ್ಟಿಗಳು ಎಷ್ಟು, ಹುಡ್ ಮಡಚಿದ್ದು ಹೇಗೆ ಎಂಬುದಕ್ಕೆ ಅದು ಗಟ್ಟಿ ಆಧಾರ. ಫೋಟೊವನ್ನು ಮೊಬೈಲಿನಲ್ಲಿ ಕ್ಲಿಕ್ಕಿಸದೆ ಒಳ್ಳೆ ಸ್ಕ್ಯಾನ್ ಮಾಡಿಸಿ.

ಕಾಗದಗಳ ವಿಷಯದಲ್ಲಿ ಒಂದು ಮಾತು. 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು, ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಮಂಗಳೂರಿಗೆ ಕೆಎ 19, ಉಡುಪಿಗೆ ಕೆಎ 20 ನಂಬರು ಬಂದದ್ದೂ 1956ರಿಂದ ಎಷ್ಟೋ ವರ್ಷಗಳ ಮೇಲೆ. ಅಂದರೆ ಕುಂದಾಪುರದಲ್ಲಿ ಬೆಳೆದ ಕಾರಿನ ಮೊದಲ ನೋಂದಣಿಯ ಜಾಡು ಚೆನ್ನೈ ಕಡೆಗೆ ಹೋಗಬಹುದು. ಹಳೆ ಆರ್‌ಸಿ ಪುಸ್ತಕದಲ್ಲಿ ಬಣ್ಣದ ಕಾಲಮಿನಲ್ಲಿ ಒಂದನ್ನು ಹೊಡೆದು ಇನ್ನೊಂದು ಬರೆದಿದ್ದರೆ ಆ ತಾರೀಕು ಬರೆದಿಟ್ಟುಕೊಳ್ಳಿ. ಒಳಭಾಗವನ್ನೂ ಆಗಲೇ ಬದಲಾಯಿಸಿರುವ ಸಾಧ್ಯತೆ ಹೆಚ್ಚು.

ಮೂಲದಲ್ಲಿ ಇದ್ದದ್ದು ಚರ್ಮವಾ, ರೆಕ್ಸಿನ್ನಾ?

ಹೆಚ್ಚಾಗಿ ಎರಡೂ. ಕೂರುವ, ಒರಗುವ ಮುಖಕ್ಕೆ ಚರ್ಮ, ಬದಿಗೂ ಹಿಂಬದಿಗೂ ಅದೇ ಬಣ್ಣದ ವಿನೈಲ್ ಬಟ್ಟೆ, ಇದು ಆ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸಾಮಾನ್ಯ ಪದ್ಧತಿ. ‘ಪೂರ್ತಿ ಚರ್ಮ ಹಾಕಿಸಿದ್ದೇವೆ’ ಎಂದು ಹೆಮ್ಮೆಯಿಂದ ಹೇಳುವ ಕಾರುಗಳು ಎಷ್ಟೋ ಸಲ ಮೂಲಕ್ಕಿಂತ ದೂರ ಹೋಗಿರುತ್ತವೆ. ಎಂಜಿಎ ನಂತರ 1962ರಲ್ಲಿ ಬಂದ ಎಂಜಿಬಿಯಲ್ಲೂ ಮೊದಲ ವರ್ಷಗಳಲ್ಲಿ ಚರ್ಮವೇ ಇತ್ತು. 1969ರ ಕೊನೆಗೆ ಬಂದ 1970ರ ಮಾದರಿಯಿಂದ ಸೀಟು ವಿನೈಲಿಗೆ ತಿರುಗಿತು. ಆದ್ದರಿಂದ 1972ರ ಎಂಜಿಬಿಗೆ ಚರ್ಮದ ಸೀಟು ಹುಡುಕಿ ದುಡ್ಡು ಸುರಿಯಬೇಕಾಗಿಲ್ಲ.

ಗುರುತಿಸಲು ಹಿಂಬದಿ ಮಗುಚಿ ನೋಡಿದರೆ ಸಾಕು. ನಾರು ನಾರಾಗಿ ಉಣ್ಣೆಯಂತಿದ್ದರೆ ಚರ್ಮ, ನೇಯ್ದ ಬಟ್ಟೆ ಕಂಡರೆ ಲೇಪನದ್ದು. ಬೆಂಕಿ ತಾಗಿಸಿ ಪರೀಕ್ಷೆ ಮಾಡುವ ಅಭ್ಯಾಸ ನಮ್ಮಲ್ಲಿ ಉಂಟು, ಅದು ಬೇಡ. ಹಳೆಕಾಲದ ಅಸಲಿ ರೆಕ್ಸಿನ್ನಿನ ಲೇಪನ ನೈಟ್ರೊಸೆಲ್ಯುಲೋಸ್, ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಇವತ್ತು ಅಂಗಡಿಯಲ್ಲಿ ರೆಕ್ಸಿನ್ ಎಂದು ಕೊಡುವುದು ಪಿವಿಸಿ (ವಿನೈಲ್) ಅಥವಾ ಪಿಯು (ಪಾಲಿಯುರೆಥೇನ್). ಕರಾವಳಿಯಲ್ಲಿ ಅಗ್ಗದ ಪಿಯು ಹಾಕಿಸಲೇಬೇಡಿ. ಗಾಳಿಯ ತೇವಕ್ಕೆ ಅದರ ಪದರವೇ ಒಡೆದು ಸಿಪ್ಪೆ ಸಿಪ್ಪೆಯಾಗಿ ಎದ್ದುಬರುತ್ತದೆ. ಕೆಲವೇ ವರ್ಷದ ಸೋಫಾ ಮೈಗೆ ಅಂಟುವುದು, ಉದುರುವುದು ಇದೇ ಕಾರಣಕ್ಕೆ. 1950-60ರ ದಶಕದ ಕಾರಿನಲ್ಲಿ ಇದ್ದದ್ದೂ ಪಿವಿಸಿಯೇ, ನಮ್ಮ ಹವೆಗೆ ತಾಳುವುದೂ ಅದೇ.

ಮೇಲ್ಮೈಯ ಗೆರೆಗಳ ವಿನ್ಯಾಸ ಹೊಂದಿಸಲು ಒಂದು ಉಪಾಯ: ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ತಂದು, ಚೆನ್ನಾಗಿ ಉಳಿದಿರುವ ಜಾಗದ ಮೇಲೆ ಒತ್ತಿ. ಗಟ್ಟಿಯಾದ ಮೇಲೆ ಎತ್ತಿದರೆ ಒಂದೊಂದು ಗೆರೆಯೂ ಮೂಡಿರುತ್ತದೆ. ಆ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಬಟ್ಟೆ ಅಂಗಡಿಗೆ ಹೋಗಬಹುದು, ಕಾರಿನ ಭಾಗ ಹೊತ್ತು ತಿರುಗಬೇಕಾಗಿಲ್ಲ.

ಒಳ್ಳೆ ಚರ್ಮ ಎಲ್ಲಿ ಸಿಗುತ್ತದೆ?

ಮಂಗಳೂರಿನಲ್ಲಿ ಹುಡುಕಿ ಸಮಯ ಕಳೆಯುವುದಕ್ಕಿಂತ ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯ ಹದ ಮಾಡುವವರನ್ನು ವಿಚಾರಿಸುವುದು ಲೇಸು. ಕೇಳುವಾಗ ಸೀಟು-ಸೋಫಾಕ್ಕೆ ಬಳಸುವ ಚರ್ಮ ಎಂದೇ ಸ್ಪಷ್ಟ ಹೇಳಿ, ದಪ್ಪ 1ರಿಂದ 1.2 ಮಿಲಿಮೀಟರ್. ಚಪ್ಪಲಿ, ಬೂಟಿನ ಚರ್ಮ ಬಿರುಸು, ಪಟ್ಟಿಗಳ ತಿರುವಿನಲ್ಲಿ ಕೂರುವುದಿಲ್ಲ. ಜಾಕೆಟಿನದ್ದು ತೆಳು. ದನದ ಒಂದು ಇಡೀ ಚರ್ಮ ಸುಮಾರು 50 ಚದರ ಅಡಿ ಬರುತ್ತದೆ. ಕಲೆ, ಗಾಯದ ಗುರುತು, ಹೊಟ್ಟೆಯ ಸಡಿಲ ಭಾಗ ಬಿಟ್ಟು ಲೆಕ್ಕ ಹಾಕಿ, ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಬಣ್ಣದ ಪಾಕದಿಂದ ತೆಗೆದುಕೊಳ್ಳಿ. ಆರು ತಿಂಗಳ ಮೇಲೆ ಅದೇ ನಂಬರು ಹೇಳಿ ತರಿಸಿದರೂ ಬಣ್ಣ ಕೂಡುವುದಿಲ್ಲ.

ಬಣ್ಣ ಹೋಲಿಸುವುದು ಟ್ಯೂಬ್‌ಲೈಟಿನಡಿ ಅಲ್ಲ. ಜಗಲಿಗೆ ಬಂದು ಹಗಲಿನ ಬೆಳಕಿನಲ್ಲಿ ನೋಡಿ, ನೇರ ಬಿಸಿಲಲ್ಲೂ ಬೇಡ. ಮೋಡ ಕವಿದ ಮಧ್ಯಾಹ್ನದ ಸಮನಾದ ಬೆಳಕು ಈ ಕೆಲಸಕ್ಕೆ ಬಹಳ ಒಳ್ಳೆಯದು.

ಸೀಟಿನ ಒಳಗೆ ಏನು ತುಂಬಬೇಕು? ಸ್ಪಂಜು ಸಾಕಲ್ಲ?

ಕೈ ಹಾಕಿದರೆ ಹಳದಿ ಪುಡಿ ಉದುರುತ್ತದೆಯೇ? ಹಾಗಾದರೆ ಅದು ರಬ್ಬರ್ ಹಾಲಿನ ಲ್ಯಾಟೆಕ್ಸ್ ಫೋಮ್. ವಯಸ್ಸಾದಾಗ ಹೀಗೇ ಪುಡಿಯಾಗುತ್ತದೆ. ಈಗಿನ ಸಾದಾ ಸ್ಪಂಜು, ಅಂದರೆ ಪಾಲಿಯುರೆಥೇನ್, ಕೂತಾಗ ಬೇರೆಯೇ ಅನುಭವ ಕೊಡುತ್ತದೆ, ಬೇಗ ಕುಸಿಯುತ್ತದೆ. ಹಾಸಿಗೆ ಮಾಡುವವರ ಬಳಿ ಲ್ಯಾಟೆಕ್ಸ್ ಹಾಳೆ ಸಿಗುತ್ತದೆ, ಅದನ್ನು ಹಳೆಯದರ ಆಕಾರಕ್ಕೆ ಕೊಯ್ದು ಅಂಟಿಸಿ ಕಟ್ಟಬಹುದು.

ಜರ್ಮನ್ ಕಾರುಗಳ ಕತೆ ನಮಗೆ ಇನ್ನೂ ಹತ್ತಿರದ್ದು. ಫೋಕ್ಸ್‌ವ್ಯಾಗನ್ ಬೀಟಲ್ ಸೀಟಿನಲ್ಲಿ ತುಂಬಿದ್ದು ರಬ್ಬರ್ ಹಾಲು ಸಿಂಪಡಿಸಿ ಒತ್ತಿದ ತೆಂಗಿನ ನಾರು. ಅಂಥ ನಾರಿನ ಹಾಳೆ ಈಗಲೂ ಹಾಸಿಗೆಗಾಗಿ ತಯಾರಾಗುತ್ತದೆ. ಮನೆಯಂಗಳದ ತೆಂಗಿನ ನಾಡಿನವರು ಅದನ್ನು ಕಿತ್ತು ಸ್ಪಂಜು ತುಂಬಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾರು ಗಾಳಿಯಾಡುತ್ತದೆ, ಬೆವರು ಎಳೆದುಕೊಂಡು ಬಿಡುತ್ತದೆ, ನಮ್ಮ ಸೆಕೆಗೆ ಅದಕ್ಕಿಂತ ಒಳ್ಳೆಯದಿಲ್ಲ.

ಕಾರ್ಪೆಟ್ ಮತ್ತು ನೆಲದ ಹಲಗೆ?

ಎಂಜಿಎಯ ನೆಲ ತಗಡಿನದ್ದಲ್ಲ, ಪ್ಲೈವುಡ್ ಹಲಗೆಯದ್ದು. ಕೊಳೆತದ್ದನ್ನು ಕಿತ್ತು ತಗಡು ವೆಲ್ಡ್ ಮಾಡಿಸಿದ ಕಾರು ಕಂಡರೆ ಅಚ್ಚರಿಪಡಬೇಡಿ, ಆದರೆ ನೀವು ಹಾಗೆ ಮಾಡಬೇಡಿ. ಹಳೆ ಹಲಗೆ ಎಷ್ಟೇ ಜೀರ್ಣವಾಗಿದ್ದರೂ ಅದರ ದಪ್ಪ, ಬೋಲ್ಟಿನ ತೂತುಗಳ ಜಾಗ ಕಾಗದದ ಮೇಲೆ ಇಳಿಸಿಕೊಳ್ಳಿ. ಅಂಗಡಿಯಲ್ಲಿ ಐಎಸ್ 710 ಮುದ್ರೆಯ ಮರೈನ್ ಪ್ಲೈ ಕೇಳಿ. ಐಎಸ್ 303 ಸಾಮಾನ್ಯ ಪ್ಲೈ, ಇದಕ್ಕೆ ಸಾಲದು. ಮಲ್ಪೆಯಲ್ಲಿ ದೋಣಿ ಕೆಲಸ ಮಾಡುವ ಆಚಾರಿಗಳಿಗೆ ಮರದ ಅಂಚಿಗೆ, ತೂತಿನ ಒಳಮೈಗೆ ಎಪಾಕ್ಸಿ ಕುಡಿಸುವುದು ಗೊತ್ತು. ನೀರು ಹೊಕ್ಕುವುದು ಅಲ್ಲಿಂದಲೇ.

ಕಾರ್ಪೆಟ್ಟಿನಡಿ ಮೂಲದಲ್ಲಿ ಇದ್ದದ್ದು ಸೆಣಬಿನ ಫೆಲ್ಟ್. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಆ ಫೆಲ್ಟ್ ನೀರು ಹೀರಿ ಬಿಡುವುದೇ ಇಲ್ಲ, ಅಡಿಯ ಮರ ಕೊಳೆಯುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಇಲ್ಲಿ ನನ್ನ ನಿಲುವು ಸ್ಪಷ್ಟ: ಕಣ್ಣಿಗೆ ಕಾಣುವುದು, ಕೈಗೆ ತಾಗುವುದು ಮೂಲದಂತೆಯೇ ಇರಲಿ, ಅಡಗಿರುವ ಪದರ ನಮ್ಮ ಮಳೆಗೆ ತಕ್ಕದ್ದಾಗಲಿ. ಫೆಲ್ಟಿನ ಬದಲು ನೀರು ಹೀರದ ಮುಚ್ಚುಗುಳ್ಳೆಯ (ಕ್ಲೋಸ್ಡ್ ಸೆಲ್) ಫೋಮ್ ಹಾಸಿ, ಬದಲಾಯಿಸಿದ್ದನ್ನು ಬರೆದಿಡಿ, ಫೆಲ್ಟಿನ ಒಂದು ತುಂಡನ್ನು ಉಳಿಸಿಕೊಳ್ಳಿ. ಕಾರ್ಪೆಟ್ಟನ್ನು ನೆಲಕ್ಕೆ ಅಂಟಿಸದೆ ಗುಂಡಿ ಹಾಕಿ ಕೂರಿಸಿದರೆ ಎತ್ತಿ ಒಣಗಿಸಬಹುದು.

ಮೀಟರು, ಸ್ವಿಚ್ಚು ಮೂಲದ್ದೇ ಎಂದು ತಿಳಿಯುವುದು ಹೇಗೆ?

ಕಾರಿನ ವಿದ್ಯುತ್ ಭಾಗಗಳನ್ನು ಮಾಡುತ್ತಿದ್ದ ಲೂಕಾಸ್ ಕಂಪನಿಯ ಹಲವು ಭಾಗಗಳ ಮೇಲೆ ತಯಾರಾದ ತಿಂಗಳು, ವರ್ಷ ಒತ್ತಿರುತ್ತಾರೆ. ‘9 57’ ಎಂದಿದ್ದರೆ 1957ರ ಸೆಪ್ಟೆಂಬರ್. ನಿಮ್ಮ ಕಾರು ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನ ತಾರೀಕು ಇದ್ದರೆ ಅದು ಮೊದಲಿನದೇ ಇರಬೇಕು, ವರ್ಷಗಳಷ್ಟು ಮುಂದಿನದಾದರೆ ಖಂಡಿತ ಬದಲಾಯಿಸಿದ್ದು. ಸ್ಮಿತ್ಸ್ ಕಂಪನಿಯ ಸ್ಪೀಡೋಮೀಟರಿನ ಡಯಲಿನಲ್ಲಿ ಸಣ್ಣಕ್ಷರದ ಸಂಖ್ಯೆಗಳಿವೆ. ಅದರಲ್ಲೊಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ. ನೋಡಲು ಒಂದೇ ತರಹದ ಬೇರೆ ಕಾರಿನ ಮೀಟರು ಹಾಕಿದರೆ ವೇಗ ತಪ್ಪು ತೋರಿಸುವುದು ಇದರಿಂದಲೇ.

ಗುಜರಿ ಅಂಗಡಿಗಳನ್ನು ಬಿಡಬೇಡಿ. ಅಂಬಾಸಡರ್ ಮೂಲತಃ ಮೋರಿಸ್ ಆಕ್ಸ್‌ಫರ್ಡ್, ಎಂಜಿಯ ಒಡನಾಡಿ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಕಾರಿನ ಮಗು. ಬಲ್ಬಿನ ಹೋಲ್ಡರು, ಕೆಲವು ಸ್ವಿಚ್ಚುಗಳಿಗೆ ಅಲ್ಲಿ ಸರಿಜೋಡಿ ಸಿಗುವ ಸಂಭವ ಉಂಟು. ಆಕಾರ ನೋಡಿ ಮರುಳಾಗದೆ ಹಿಂಬದಿಯ ನಂಬರು ಹೋಲಿಸಿ.

ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ, ಕಿಟಕಿ ಗಾಜೂ ಇಲ್ಲ. ಕಳೆದುಹೋಗಿದೆಯಾ?

ಇಲ್ಲ. ತೆರೆದ ಎಂಜಿಎ ಇದ್ದದ್ದೇ ಹಾಗೆ. ಬಾಗಿಲಿನ ಮೇಲಿನಿಂದ ಕೈ ಇಳಿಸಿ ಒಳಗಿನ ಚೀಲದಲ್ಲಿರುವ ದಾರ ಎಳೆದರೆ ಬಾಗಿಲು ತೆರೆಯುತ್ತದೆ. ಮಳೆಗೆ ಕಿಟಕಿಯ ಬದಲು ಬಿಚ್ಚಿ ಹಾಕುವ ಸೈಡ್‌ಸ್ಕ್ರೀನ್ ಇರುತ್ತಿತ್ತು, ಅದು ಅಟ್ಟದಲ್ಲೋ ಹಳೆ ಪೆಟ್ಟಿಗೆಯಲ್ಲೋ ಇದೆಯೇ ನೋಡಿ. ಹೊರಗೆ ಹಿಡಿ ಕೂರಿಸಲು ಬಾಗಿಲು ಕೊರೆಸುವವರನ್ನು ದಯವಿಟ್ಟು ತಡೆಯಿರಿ.

ಹೊರದೇಶದಲ್ಲಿ ರೆಡಿ ಕಿಟ್ ಸಿಗುತ್ತದಂತೆ. ತರಿಸಿಬಿಡಲೇ?

ತರಿಸಬಹುದು, ಎಂಜಿ ಕಾರುಗಳಿಗೆ ಬೇಕಾದಷ್ಟು ಸಿಗುತ್ತದೆ. ಆದರೆ ಕ್ಯಾಟಲಾಗಿನ ಒಂದೇ ಕಿಟ್ ಹಲವು ವರ್ಷಗಳ ಕಾರಿಗೆ ‘ಹೊಂದುತ್ತದೆ’. ಹೊಂದುವುದು ಬೇರೆ, ಮೂಲದಂತಿರುವುದು ಬೇರೆ. ಆರ್ಡರ್ ಮಾಡುವ ಮೊದಲು ಅಂಗೈ ಅಗಲದ ಮಾದರಿ ತುಂಡು ತರಿಸಿ ನಿಮ್ಮ ಹಳೆ ತುಣುಕಿನ ಪಕ್ಕ ಇಡಿ. ಸಾಗಾಟ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಬಾಗಿಲಿನ ರಬ್ಬರು, ಹುಡ್ಡಿನ ಗುಂಡಿ, ಕ್ಲಿಪ್ಪುಗಳಂಥವನ್ನು ಹೊರಗಿನಿಂದ ತರಿಸಿ, ಹೊಲಿಗೆ ಇಲ್ಲೇ ಮಾಡಿಸುವುದು ನನ್ನ ಸಲಹೆ.

ಇಲ್ಲಿನ ಕುಶನ್ ಕೆಲಸದವರಿಗೆ ಇದು ಆಗುತ್ತದಾ? ಹೇಗೆ ಹೇಳುವುದು?

ಖಂಡಿತ ಆಗುತ್ತದೆ. ಖಾಸಗಿ ಬಸ್ಸುಗಳ ಊರು ನಮ್ಮದು, ದಪ್ಪ ರೆಕ್ಸಿನ್ ಹೊಲಿಯುವ ಕೈಗಳಿಗೆ ಬರ ಇಲ್ಲ. ಅವರಿಗೆ ಬೇಕಾದದ್ದು ಸಮಯ ಮತ್ತು ಮಾದರಿ. ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಹೀಗೆ ಮಾಡಿ ಅಣ್ಣ’ ಎಂದರೆ ಅವರು ತಮ್ಮ ರೂಢಿಯಂತೆ ಚೆಂದ ಮಾಡುತ್ತಾರೆ, ಹೆಚ್ಚುವರಿ ಡಿಸೈನ್ ಹೊಲಿಗೆಯನ್ನೂ ಪ್ರೀತಿಯಿಂದ ಹಾಕಿಕೊಡುತ್ತಾರೆ. ಬಿಡಿಸಿದ ಹಳೆ ತುಂಡುಗಳನ್ನು ಕೈಗೆ ಕೊಟ್ಟು, ಮೊದಲು ಅಗ್ಗದ ಬಟ್ಟೆಯಲ್ಲಿ ಒಂದು ಸೀಟು ಹೊಲಿಸಿ, ಕೂತು ನೋಡಿ, ಸರಿಮಾಡಿಸಿ, ಆಮೇಲೆ ಚರ್ಮಕ್ಕೆ ಕತ್ತರಿ ಹಾಕಲು ಹೇಳಿ. ಆ ಅಭ್ಯಾಸದ ಸೀಟಿಗೂ ಪೂರ್ತಿ ಕೂಲಿ ಕೊಡಿ. ದಾರ ಪಾಲಿಯೆಸ್ಟರಿನದ್ದಿರಲಿ, ತೆರೆದ ಕಾರಿನ ಬಿಸಿಲಿಗೆ ನೈಲಾನಿಗಿಂತ ಹೆಚ್ಚು ಬಾಳುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಮಾಡಿಸಬಹುದಾ?

ಬಿಚ್ಚುವುದು, ಅಳೆಯುವುದು, ಪತ್ರ ಬರೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿ. ಅಂಟಿಸುವುದನ್ನು ಮಾತ್ರ ಇಟ್ಟುಕೊಳ್ಳಬೇಡಿ. ಎರಡೂ ಕಡೆ ಹಚ್ಚುವ ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಆ ದಿನ ಗಟ್ಟಿಯಾಗಿ ಕಂಡರೂ ಮುಂದಿನ ಬೇಸಿಗೆಗೆ ಅಂಚು ಎದ್ದುಬರುತ್ತದೆ. ದೀಪಾವಳಿ ಕಳೆದ ಮೇಲೆ ಏಪ್ರಿಲ್‌ವರೆಗೆ ಒಳ್ಳೆ ಕಾಲ.

ಹಳೆ ಕಾರಿನೊಳಗೆ ಕಲ್ನಾರು ಇರುತ್ತದಂತೆ?

ಎಂಜಿನ್ ಬದಿಯ ಬಿಸಿ ತಡೆಯುವ ಹಲಗೆ, ಹಾಳೆಗಳಲ್ಲಿ ಇರಬಹುದು. ಬೂದಿ ಬಣ್ಣದ ನಾರುನಾರಾದ ಪುಡಿ ಕಂಡರೆ ಕೆರೆಯಬೇಡಿ, ಗುಡಿಸಬೇಡಿ. ನೀರು ಚಿಮುಕಿಸಿ, ಸರಿಯಾದ ಮಾಸ್ಕ್ ಹಾಕಿ, ಇಡಿಯಾಗಿಯೇ ತೆಗೆದು ದಪ್ಪ ಚೀಲದಲ್ಲಿ ಮುಚ್ಚಿ.

ಸೀಟು ಬದಲಾಯಿಸಿದರೆ ವಿಂಟೇಜ್ ನಂಬರು ಸಿಗುವುದಿಲ್ಲವಾ?

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ವಾಣಿಜ್ಯಕ್ಕೆ ಬಳಸದ ವಾಹನಕ್ಕೆ ವಿಎ ಅಕ್ಷರವಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದೆಂದು ನಿಯಮ ಹೇಳುತ್ತದೆ. ಸೀಟಿನ ಬಟ್ಟೆಯ ಮಾತು ಅಲ್ಲಿಲ್ಲ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಹೋಲಿಸಿ ನೋಡಲು ಹತ್ತಿರದಲ್ಲಿ ಹಳೆ ಕಾರುಗಳು ಎಲ್ಲಿವೆ?

ಧರ್ಮಸ್ಥಳದ ಕಾರು ಸಂಗ್ರಹ ನಮಗೆಲ್ಲ ಹತ್ತಿರದ್ದು. ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ‘ಪಯಣ’ ಸಂಗ್ರಹಾಲಯವೂ ಇದೆ. ನಿಮ್ಮದೇ ಮಾದರಿ ಸಿಗದಿದ್ದರೂ ಅದೇ ಕಾಲದ ಬ್ರಿಟಿಷ್ ಕಾರಿನ ಪೈಪಿಂಗ್ ಎಲ್ಲಿ ತಿರುಗುತ್ತದೆ, ಕಾರ್ಪೆಟ್ಟಿನ ಅಂಚು ಹೇಗೆ ಕಟ್ಟಿದ್ದಾರೆ ಎಂದು ನೋಡಿದರೆ ಕಣ್ಣು ಪಳಗುತ್ತದೆ. ಮುಟ್ಟಬೇಡಿ.

ನಮ್ಮ ಕಾರಿನ ಸೀಟು ಮೂಲದ್ದೇ. ಬಿರುಕು ಬಿಟ್ಟಿದೆ, ಬಣ್ಣ ಮಾಸಿದೆ. ಬದಲಾಯಿಸಬೇಕಾ?

ಬೇಡ. ಹರಿದಿಲ್ಲ, ಹೊಲಿಗೆ ಹಿಡಿದಿದೆ ಎಂದಾದರೆ ಹಾಗೇ ಬಿಡಿ. ಸ್ವಲ್ಪ ಒದ್ದೆ ಮಾಡಿದ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ನೆರಳಲ್ಲಿ ಒಣಗಿಸಿ, ಚರ್ಮಕ್ಕೆಂದೇ ಇರುವ ಕ್ರೀಮನ್ನು ತೆಳುವಾಗಿ ಹಚ್ಚಿ. ತೆಂಗಿನೆಣ್ಣೆ ಬೇಡ, ಅದು ದಾರವನ್ನು ಮೆತ್ತಗಾಗಿಸುತ್ತದೆ, ಬೂಷ್ಟನ್ನೂ ಕರೆಯುತ್ತದೆ. ಸಡಿಲಾದ ಹೊಲಿಗೆಯನ್ನು ಹಳೆ ತೂತುಗಳಲ್ಲೇ ಸೂಜಿ ಹಾಯಿಸಿ ಕೈಯಿಂದ ಹೊಲಿಸಿ, ಹೊಸ ತೂತು ಬಿದ್ದರೆ ಚರ್ಮ ಆ ಗೆರೆಯಲ್ಲೇ ಹರಿಯುತ್ತದೆ. ಸೀಳಿದ ಜಾಗಕ್ಕೆ ಅಡಿಯಿಂದ ತೆಳು ಬಟ್ಟೆ ಕೊಟ್ಟು ಅಂಟಿಸಬಹುದು. ಮಳೆಗಾಲದಲ್ಲಿ ಕಾರನ್ನು ಟಾರ್ಪಾಲಿನಲ್ಲಿ ಬಿಗಿದು ಕಟ್ಟುವ ಬದಲು ಹತ್ತಿ ಬಟ್ಟೆ ಹೊದಿಸಿ, ಬಿಸಿಲು ಬಂದ ದಿನ ಬಾಗಿಲೆರಡನ್ನೂ ತೆರೆದಿಡಿ.